ಮೊದಲು ಯಾವುದು ತುಂಡಾಗಬೇಕು

ಮಳೆ ಹಿಡಿದರೆ ಆಯನೂರಿನ ನಮ್ಮ ಶೆಡ್ಡಿಗೆ ಬರುವ ಪಿಕಪ್‌ಗಳವರ ಬೇಡಿಕೆ ಒಂದೇ: "ಅಣ್ಣಾ, ಹಿಂದೊಂದು ಮುಂದೊಂದು ಗಟ್ಟಿ ಹುಕ್ ಹಾಕ್ಕೊಡಿ." ಶುಂಠಿ ಹೊಲಕ್ಕೆ ಗಾಡಿ ಇಳಿಸುವವರು, ತೋಟಕ್ಕೆ ಗೊಬ್ಬರ ಹೊರುವವರು, ಹಣಗೆರೆಕಟ್ಟೆ ಕಡೆಯ ಕಾಡುದಾರಿಯಲ್ಲಿ ಮನೆ ಇರುವವರು, ಈಚೀಚೆಗೆ ಭಾನುವಾರ ಕೆಸರು ಹುಡುಕಿಕೊಂಡೇ ಹೊರಡುವ ಶಿವಮೊಗ್ಗ, ಭದ್ರಾವತಿಯ ಹುಡುಗರು, ಎಲ್ಲರ ಬಾಯಲ್ಲೂ ಅದೇ 'ಗಟ್ಟಿ'. ನಾನು ತಿರುಗಿ ಕೇಳುವುದು ಬೇರೆ. ಹೂತ ಗಾಡಿಗೂ ಎಳೆಯುವ ಗಾಡಿಗೂ ನಡುವೆ ಚಾಸಿ, ಬೋಲ್ಟು, ಪ್ಲೇಟು, ಪಿನ್ ಹಾಕಿ ಮುಚ್ಚುವ ಶಾಕಲ್, ಬೆಲ್ಟು ಎಂದು ಸಾಲಾಗಿ ಕೊಂಡಿಗಳಿವೆ. ಶಕ್ತಿ ಮಿತಿಮೀರಿದರೆ ಇವುಗಳಲ್ಲಿ ಒಂದು ಹೋಗಲೇಬೇಕು. ಯಾವುದು ಹೋಗಬೇಕು ಅಂತ ನೀವು ಮೊದಲೇ ತೀರ್ಮಾನಿಸಿದ್ದೀರಾ? ತೀರ್ಮಾನಿಸದಿದ್ದರೆ ಅದನ್ನು ಕೆಸರೇ ತೀರ್ಮಾನಿಸುತ್ತದೆ. ಬಟ್ಟೆಯ ಬೆಲ್ಟು ಹರಿದರೆ ಚಾಟಿಯಂತೆ ಬೀಸುತ್ತದೆ, ಪೆಟ್ಟೂ ಬೀಳಬಹುದು. ಆದರೆ ಬೆಲ್ಟಿನ ತುದಿಯಲ್ಲಿ ಎರಡು ಕಿಲೋ ಕಬ್ಬಿಣ ಕಿತ್ತುಕೊಂಡು ಬಂದರೆ ಅದರ ಎದುರು ನಿಂತವನು ಉಳಿಯುವುದಿಲ್ಲ. ಆದ್ದರಿಂದ ಹೋಗುವುದಿದ್ದರೆ ಬೆಲ್ಟೇ ಹೋಗಬೇಕು, ಕಬ್ಬಿಣ ಎಂದೂ ಹೋಗಬಾರದು. ಕೆಳಗಿನ ಪಾಠಗಳೆಲ್ಲ ಇದನ್ನೇ ಸುತ್ತುತ್ತವೆ.

1. ಕಂಪನಿಯವರು ಕೊಟ್ಟ ಕಿವಿಗಳೆಲ್ಲ ಎಳೆಯುವುದಕ್ಕಲ್ಲ

ಗಾಡಿಯ ಕೆಳಗೆ ಬಗ್ಗಿದರೆ ಮುಂಭಾಗದಲ್ಲಿ ತೆಳ್ಳನೆಯ ಬಳೆಯೋ ತೂತಿರುವ ಪಟ್ಟಿಯೋ ಕಾಣುತ್ತದೆ. ಕಾರ್ಖಾನೆಯಿಂದ ಷೋರೂಮಿಗೆ ರೈಲಿನಲ್ಲಿ, ಟ್ರೈಲರಿನಲ್ಲಿ ಸಾಗಿಸುವಾಗ ಗಾಡಿ ಅಲುಗದಂತೆ ಬಿಗಿಯಲು ಇಟ್ಟದ್ದು ಅದು. ಬಂಪರಿನ ಮುಚ್ಚಳ ತೆಗೆದು ತಿರುಗಿಸಿ ಕೂರಿಸುವ ಕಣ್ಣು ಇನ್ನೊಂದು ಬಗೆ. ಕೆಟ್ಟು ನಿಂತ ಗಾಡಿಯನ್ನು ಸಮತಟ್ಟು ರಸ್ತೆಯಲ್ಲಿ ಮೆಲ್ಲಗೆ ಎಳೆದುಕೊಂಡು ಹೋಗಲು ಅದು ಸಾಕು. ಕೆಸರಿನಿಂದ ಜಗ್ಗಲು ಎರಡೂ ಸಾಲವು. ಕೆಲವು ಗಾಡಿಗಳಲ್ಲಿ ನಿಜವಾದ ದಪ್ಪ ಹುಕ್ಕನ್ನು ಚಾಸಿಗೇ ಬೋಲ್ಟು ಹಾಕಿ ಕೊಟ್ಟಿರುತ್ತಾರೆ. ಅಂಥದ್ದು ಇದ್ದರೆ ನನ್ನ ಹತ್ತಿರ ಬರುವ ಅಗತ್ಯವೇ ಇಲ್ಲ. ಯಾವುದು ಏನು ಎಂಬುದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಬಹುತೇಕ ಗಾಡಿಗಳಲ್ಲಿ ಆ ಪುಸ್ತಕದ ಪ್ಲಾಸ್ಟಿಕ್ ಕವರನ್ನೇ ಬಿಚ್ಚಿರುವುದಿಲ್ಲ.

2. ಕಣ್ಣಿಗೆ ದಪ್ಪ ಕಂಡದ್ದಕ್ಕೆಲ್ಲ ಕಟ್ಟಬೇಡಿ

ಬಂಪರ್, ಪೈಪಿನ ಗಾರ್ಡು, ಆಕ್ಸಲ್, ಪಟ್ಟಾದ (ಲೀಫ್ ಸ್ಪ್ರಿಂಗಿನ) ಶಾಕಲ್, ಸ್ಟೀರಿಂಗ್ ರಾಡ್, ಎಲ್ಲಕ್ಕೂ ಚೈನು ಸುತ್ತಿದ್ದನ್ನು ಕಂಡಿದ್ದೇನೆ. ಇವೆಲ್ಲಕ್ಕಿಂತ ಅಪಾಯದ್ದು, ನೋಡಲು ಅತ್ಯಂತ ಭರವಸೆ ಹುಟ್ಟಿಸುವ ಟೋ ಬಾಲ್. ಟ್ರೈಲರಿನ ಸ್ಥಿರವಾದ ಭಾರಕ್ಕೆ ಮಾಡಿದ ಆ ಗುಂಡು ಒಂದು ಸಣ್ಣ ಕತ್ತಿನ ಮೇಲೆ ಕೂತಿದೆ. ಜಗ್ಗಿದಾಗ ಆ ಕತ್ತೇ ಮುರಿಯುತ್ತದೆ. ಆಸ್ಟ್ರೇಲಿಯಾದಲ್ಲಿ ಹೀಗೆ ಮುರಿದ ಬಾಲ್ ಗಾಜು ಸೀಳಿಕೊಂಡು ಒಳಗೆ ನುಗ್ಗಿ ಜನ ಸತ್ತಿದ್ದಾರೆ. ಹಿಂಬದಿಯಲ್ಲಿ ಚೌಕ ಕೊಳವೆಯ ಹಿಚ್ ಇದ್ದರೆ ಬಾಲನ್ನು ಅದರ ಕೋಲು ಸಮೇತ ಹೊರಗೆಳೆದು, ಅದೇ ಕೊಳವೆಗೆ ಶಾಕಲ್ ಇರುವ ಗಟ್ಟಿ ಕಬ್ಬಿಣದ ತುಂಡನ್ನು ಕೂರಿಸಿ ಪಿನ್ ಹಾಕಬೇಕು. ಹಿಚ್ಚನ್ನೇ ಚಾಸಿಗೆ ಸರಿಯಾಗಿ ಕೂರಿಸಿದ್ದರೆ ಹಿಂಬದಿಗೆ ಇದಕ್ಕಿಂತ ಅಗ್ಗದ, ಒಳ್ಳೆಯ ದಾರಿ ಇಲ್ಲ.

3. ಕಾಗದದ ಮೇಲೆ ಒಮ್ಮೆ ಲೆಕ್ಕ ಮಾಡಿ

"ಏನಾಗಲ್ಲ ಮಾರಾಯ್ರೆ, ಸ್ವಲ್ಪ ಜೋರಾಗಿ ಕೊಟ್ರೆ ಬಂದ್ಬಿಡುತ್ತೆ" ಎನ್ನುವವರಿಗೆ ನಾನು ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುವ ಲೆಕ್ಕ ಇದು. ಎಳೆಯುವ ಗಾಡಿಯ ತೂಕ 2 ಟನ್, ವೇಗ ಗಂಟೆಗೆ 15 ಕಿ.ಮೀ. ಓಡುವ ಆ ಗಾಡಿಯಲ್ಲಿ ಸುಮಾರು 17,000 ಜೂಲ್ ಶಕ್ತಿ ಇರುತ್ತದೆ. ಹೂತ ಗಾಡಿ ಕದಲದಿದ್ದರೆ ಅಷ್ಟನ್ನೂ ನಡುವಿನ ಕೊಂಡಿಗಳೇ ನುಂಗಬೇಕು. 9 ಮೀಟರಿನ ನೈಲಾನ್ ಬೆಲ್ಟು ಶೇ. 20ರಷ್ಟು ಹಿಗ್ಗಿದರೆ 1.8 ಮೀಟರು ಸಿಗುತ್ತದೆ. ಅಷ್ಟು ದೂರದಲ್ಲಿ ಗಾಡಿ ನಿಲ್ಲಲು ಸರಾಸರಿ 1 ಟನ್, ಕೊನೆಯ ಕ್ಷಣದಲ್ಲಿ ಹೆಚ್ಚೆಂದರೆ 2 ಟನ್ನಿನಷ್ಟು ಜಗ್ಗು ಬೀಳುತ್ತದೆ. ಈಗ ಬೆಲ್ಟಿನ ಜಾಗಕ್ಕೆ ಚೈನು ಹಾಕಿ. ಚೈನು ಹಿಗ್ಗುವುದಿಲ್ಲ. ಗಾಡಿಗಳು ಅಲುಗಿ, ರಬ್ಬರುಗಳು ಒತ್ತಿ ಎಲ್ಲ ಸೇರಿ 10 ಸೆಂ.ಮೀ. ಸಿಕ್ಕಿತು ಎಂದುಕೊಳ್ಳೋಣ. ಜಗ್ಗು ಸರಾಸರಿ 17 ಟನ್ ದಾಟಿತು! ವೇಗ ದುಪ್ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು.

ಒರಟು ಲೆಕ್ಕ ನಿಜ. ಆದರೆ ಚೈನು ಕಟ್ಟಿ ಓಡಿ ಬಂದು ಜಗ್ಗುವುದನ್ನು ತಡೆಯುವ ಯಾವ ಹುಕ್ಕನ್ನೂ ನಾನು ಮಾಡಿಕೊಡಲಾರೆ ಎಂದು ಹೇಳಲು ಇಷ್ಟು ಸಾಕು. ಚೈನು, ತಂತಿಹಗ್ಗ, ಹಿಗ್ಗದ ಪಾಲಿಯೆಸ್ಟರ್ ಬೆಲ್ಟು ಇವೆಲ್ಲ ಬಿಗಿ ಮಾಡಿಕೊಂಡು ನಿಧಾನ ಎಳೆಯಲು. ಜಗ್ಗಿ ಎಳೆಯುವುದಕ್ಕೆ ಹಿಗ್ಗುವ ನೈಲಾನ್ ಮಾತ್ರ. ಬೆಲ್ಟಿನ ಮೇಲೆ ಬರೆದ ತುಂಡಾಗುವ ಮಿತಿಯು ಎರಡು ಗಾಡಿಗಳಲ್ಲಿ ಹಗುರವಾದುದರ ಒಟ್ಟು ತೂಕದ ಎರಡರಿಂದ ಮೂರು ಪಟ್ಟು ಇರಲಿ. ಅದಕ್ಕಿಂತ ಕಡಿಮೆಯಾದರೆ ಬೇಗ ಹರಿಯುತ್ತದೆ, ಅತಿಯಾದರೆ ಹಿಗ್ಗುವುದೇ ಇಲ್ಲ. 'ದೊಡ್ಡದೇ ಇರಲಿ' ಎಂಬ ನಮ್ಮ ಮಾಮೂಲಿ ಬುದ್ಧಿ ಇಲ್ಲಿ ಕೈಕೊಡುತ್ತದೆ.

4. ಭದ್ರಾವತಿ ಪಕ್ಕದಲ್ಲಿದ್ದರೂ ಗುಜರಿ ಗುಜರಿಯೇ

1923ರಿಂದ ಕಬ್ಬಿಣ ಕರಗಿಸಿದ ಊರು ನಮ್ಮ ಪಕ್ಕದಲ್ಲಿದೆ. ಮೈಸೂರು ಸಂಸ್ಥಾನದ ಕಾರ್ಖಾನೆಯಾಗಿ ಶುರುವಾಗಿ, ಮುಂದೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ವಿಐಎಸ್‌ಎಲ್ ಮಿಶ್ರಲೋಹದ ಉಕ್ಕಿಗೆ ಹೆಸರಾದದ್ದು. ಅಲ್ಲಿ ದುಡಿದು ನಿವೃತ್ತರಾದ ಹಿರಿಯರು ನಮ್ಮ ಕಡೆ ಊರೂರಿಗೆ ಸಿಗುತ್ತಾರೆ. ಉಕ್ಕಿನ ವಿಷಯದಲ್ಲಿ ಅವರು ಕಲಿಸಿದ ಮೊದಲ ಶಿಸ್ತು, ಹೆಸರು ಗೊತ್ತಿಲ್ಲದ ಉಕ್ಕನ್ನು ನಂಬಬೇಡ ಎಂಬುದು. ತಟ್ಟಿದರೆ ಚೆನ್ನಾಗಿ ಸದ್ದು ಕೊಡುವ ತುಂಡು ಎಷ್ಟು ಭಾರ ಹೊರುತ್ತದೆ ಎಂದು ತಟ್ಟಿ ಹೇಳಲು ಅವರಿಂದಲೂ ಆಗದು.

ಹಾಗಿದ್ದೂ ಜನ ತರುವುದು ಎರಡು. ಒಂದು, ಮನೆ ಕಟ್ಟಿಸಿ ಉಳಿದ ಟಿಎಂಟಿ ಕಂಬಿ. ಅದನ್ನು ಬಗ್ಗಿಸಿ ಚಾಸಿಗೆ ವೆಲ್ಡ್ ಮಾಡಿಕೊಡಿ ಎನ್ನುತ್ತಾರೆ. ಟಿಎಂಟಿ ಕಂಬಿಯ ಬಲ ಇರುವುದು ಬಿಸಿಯಾಗಿದ್ದಾಗಲೇ ನೀರು ಹಾಯಿಸಿ ಗಟ್ಟಿ ಮಾಡಿದ ಅದರ ಹೊರಪದರದಲ್ಲಿ. ಕಾಯಿಸಿ ಬಗ್ಗಿಸಿ ವೆಲ್ಡ್ ಮಾಡಿದ ಕಡೆ ಆ ಪದರ ಸಡಿಲವಾಗುತ್ತದೆ. ಇನ್ನೊಂದು, ಲಾರಿಯ ಹಳೆಯ ಪಟ್ಟಾ. ಪಟ್ಟಾ ಗಟ್ಟಿಯೇ ಹೌದು, ಆದರೆ ಗ್ಯಾಸಿನಲ್ಲಿ ಕತ್ತರಿಸಿ ವೆಲ್ಡ್ ಮಾಡಿದರೆ ಆ ಅಂಚು ಗಾಜಿನ ಗುಣಕ್ಕೆ ಬರುತ್ತದೆ. ಬಾಗಿ ಎಚ್ಚರಿಕೆ ಕೊಡದೆ ಒಂದೇ ಏಟಿಗೆ ಸೀಳುತ್ತದೆ. ಒಳ್ಳೆಯ ಹುಕ್ಕು ಮುರಿಯುವ ಮುನ್ನ ಬಾಗಬೇಕು. ಆ ಬಾಗು ಕಂಡ ಕೂಡಲೇ ನಿಲ್ಲಿಸಬಹುದು.

ಆದ್ದರಿಂದ ನಿಮ್ಮ ಗಾಡಿಯ ಮಾದರಿಗೇ ಮಾಡಿದ, ಭಾರದ ಮಿತಿಯನ್ನು ಮೈಮೇಲೆ ಕೆತ್ತಿದ ಜೋಡಿ ಬ್ರ್ಯಾಕೆಟ್ ಸಿಕ್ಕರೆ ಅದನ್ನೇ ತನ್ನಿ. ನನಗೆ ಸಿಗುವ ಕೂಲಿ ಕಡಿಮೆ, ನಿದ್ದೆ ಹೆಚ್ಚು.

5. ಬೋಲ್ಟಿನ ತಲೆ ಓದಿ

ಬೋಲ್ಟಿನ ತಲೆಯ ಮೇಲೆ 4.6, 8.8, 10.9 ಎಂದು ಅಂಕಿ ಇರುತ್ತದೆ. ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ ಪ್ರತಿ ಚದರ ಮಿಲಿಮೀಟರಿಗೆ ಎಷ್ಟು ನ್ಯೂಟನ್ ಎಳೆತಕ್ಕೆ ಅದು ತುಂಡಾಗುತ್ತದೆ ಎಂಬ ಲೆಕ್ಕ. ಚುಕ್ಕಿಯ ನಂತರದ್ದು, ಅದರ ಹತ್ತರಲ್ಲಿ ಎಷ್ಟು ಪಾಲಿಗೆ ಶಾಶ್ವತವಾಗಿ ಹಿಗ್ಗುತ್ತದೆ ಎಂಬುದು. 12 ಎಂ.ಎಂ. ಬೋಲ್ಟು 4.6ರದ್ದಾದರೆ ನೇರ ಎಳೆತಕ್ಕೆ ಸುಮಾರು 3.5 ಟನ್, 8.8 ಆದರೆ 7 ಟನ್ನಿನ ಹತ್ತಿರ, 10.9 ಆದರೆ 8.5 ಟನ್. ಅಡ್ಡಕ್ಕೆ ಕತ್ತರಿಸುವ ಒತ್ತಡಕ್ಕೆ ಇದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಎಂದಿಟ್ಟುಕೊಳ್ಳಿ. ತಲೆ ಬೋಳಾಗಿದ್ದರೆ, ಅಂದರೆ ಅಂಕಿಯೇ ಇಲ್ಲದಿದ್ದರೆ, ಗೇಟಿನ ಚಿಲಕಕ್ಕೆ ಬಳಸಿ.

10.9ರ ಬೋಲ್ಟಿಗೆ 10ರ ದರ್ಜೆಯ ನಟ್ಟೇ ಬೇಕು, ಇಲ್ಲದಿದ್ದರೆ ಮರೆ ಸವರಿಹೋಗುತ್ತದೆ. ಹೊಳೆಯುವ ಸ್ಟೇನ್‌ಲೆಸ್ ಬೋಲ್ಟು ತುಕ್ಕು ಹಿಡಿಯುವುದಿಲ್ಲ ಎಂದು ಆಸೆಪಡುವವರಿದ್ದಾರೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟಿನ ಬಲ 8.8ಕ್ಕಿಂತ ಕಡಿಮೆ. ಒಂದು ಕಡೆಗೆ ಒಂದೇ ಬೋಲ್ಟು ಹಾಕಿದರೆ ಬ್ರ್ಯಾಕೆಟ್ ಅದರ ಸುತ್ತ ತಿರುಗುತ್ತದೆ, ಕನಿಷ್ಠ ಎರಡು ಬೇಕು. ಬಿಗಿಯುವುದು ಟಾರ್ಕ್ ಸ್ಪ್ಯಾನರಿನಲ್ಲಿ. ಪೈಪು ಸಿಕ್ಕಿಸಿ ಮೈಭಾರ ಹಾಕಿ ತಿರುಗಿಸಿದ ಬೋಲ್ಟು ಅರ್ಧ ಬಲವನ್ನು ಅಲ್ಲೇ ಕಳೆದುಕೊಂಡಿರಬಹುದು.

6. ಚಾಸಿಗೆ ವೆಲ್ಡಿಂಗ್ ಬೇಡ, ಸಿಕ್ಕಲ್ಲಿ ತೂತೂ ಬೇಡ

ಹಳೆಯ ಜೀಪುಗಳ ಕಾಲದಲ್ಲಿ ಎಲ್ಲದಕ್ಕೂ ವೆಲ್ಡಿಂಗೇ ಮದ್ದು. ಈಗಿನ ಪಿಕಪ್‌ಗಳ ಚಾಸಿ ತೆಳುವಾದರೂ ಬಲವಾಗಿರುವುದು ಉಕ್ಕಿನ ಗುಣದಿಂದ. ವೆಲ್ಡಿಂಗಿನ ಶಾಖ ತಾಗಿದ ಕಡೆ ಆ ಗುಣ ಕೆಡುತ್ತದೆ. ಬಿರುಕು ಹುಟ್ಟುವುದು ವೆಲ್ಡಿನಲ್ಲಲ್ಲ, ಅದರ ಪಕ್ಕದ ಬೆರಳಗಲದಲ್ಲಿ. ಜೊತೆಗೆ ಬ್ಯಾಟರಿ ಬಿಚ್ಚದೆ ವೆಲ್ಡ್ ಮಾಡಿ ಕಂಪ್ಯೂಟರ್ ಡಬ್ಬಿ ಸುಟ್ಟರೆ ಹುಕ್ಕಿನ ಹತ್ತು ಪಟ್ಟು ಖರ್ಚು.

ಆದಷ್ಟು ಕಂಪನಿಯವರೇ ಕೊರೆದ ತೂತುಗಳನ್ನು ಬಳಸಿ. ಹೊಸದು ಕೊರೆಯಲೇಬೇಕಾದರೆ ಚಾಸಿಯ ನಿಂತ ಗೋಡೆಯಲ್ಲಿ ಕೊರೆಯಬೇಕು. ಮೇಲಿನ, ಕೆಳಗಿನ ಅಂಚುಗಳನ್ನು ಮುಟ್ಟಬಾರದು, ಏಕೆಂದರೆ ಚಾಸಿ ಬಾಗುವಾಗ ಹೆಚ್ಚಿನ ಒತ್ತಡ ಬೀಳುವುದು ಅಲ್ಲಿಯೇ. ಡ್ರಿಲ್ಲಿನಿಂದಲೇ ಕೊರೆಯಿರಿ, ಗ್ಯಾಸಿನಿಂದಲ್ಲ.

ನಾಲ್ಕೂ ಕಡೆ ಮುಚ್ಚಿದ ಡಬ್ಬಿಯಾಕಾರದ ಚಾಸಿಯಾದರೆ ಇನ್ನೊಂದು ತೊಡಕಿದೆ. ಆಚೆಯಿಂದೀಚೆಗೆ ಬೋಲ್ಟು ತೂರಿಸಿ ಬಿಗಿದರೆ ಗೋಡೆಗಳು ಒಳಕ್ಕೆ ಕುಸಿಯುತ್ತವೆ, ಬೋಲ್ಟು ಎಂದೂ ಸರಿಯಾಗಿ ಬಿಗಿಯಾಗುವುದಿಲ್ಲ. ಒಳಗೆ ಗೋಡೆಯಿಂದ ಗೋಡೆಗೆ ಸರಿಯಾಗಿ ಕೂರುವ ದಪ್ಪ ಕೊಳವೆಯನ್ನು ಇಟ್ಟು ಅದರ ಮೂಲಕ ಬೋಲ್ಟು ಹಾಯಿಸಬೇಕು. ತೆರೆದ ಚಾಸಿಯಾದರೆ ಹಿಂದುಗಡೆ 6ರಿಂದ 8 ಎಂ.ಎಂ. ದಪ್ಪದ ಪ್ಲೇಟು ಕೊಟ್ಟು ಭಾರ ಹರಡಬೇಕು. ಬರೀ ವಾಷರ್ ಇಟ್ಟರೆ ಜಗ್ಗಿದಾಗ ಚಾಸಿ ಹರಿದು ವಾಷರ್ ಸಮೇತ ಹೊರಬರುತ್ತದೆ. ಶಾಕಲ್ ಕೂರುವ ತೂತು ಬ್ರ್ಯಾಕೆಟ್ಟಿನ ಅಂಚಿಗೆ ತೀರ ಹತ್ತಿರ ಇರಬಾರದು. ತೂತಿನ ಅಗಲ ಎಷ್ಟೋ ಅಷ್ಟಾದರೂ ಕಬ್ಬಿಣ ಸುತ್ತ ಉಳಿದಿರಬೇಕು. ಹಗ್ಗದ ಮೆತ್ತನೆ ಶಾಕಲ್ ಬಳಸುವವರಾದರೆ ತೂತಿನ ಅಂಚನ್ನು ಉಗುರು ಎಳೆದರೆ ಸಿಕ್ಕಿಕೊಳ್ಳದಷ್ಟು ನುಣ್ಣಗೆ ಉಜ್ಜಿ. ಚೂಪು ಅಂಚು ಆ ಹಗ್ಗಕ್ಕೆ ಕತ್ತಿ.

ಚಾಸಿಯೇ ಇಲ್ಲದ, ದೇಹವೇ ಚೌಕಟ್ಟಾದ ಕಾರುಗಳಿಗೆ ನಾನು ಈ ಕೆಲಸ ಮಾಡುವುದಿಲ್ಲ.

7. ಎದುರಿಗೆ ಎರಡು, ಒಂದಲ್ಲ

ಒಂದೇ ಹುಕ್ಕಿನಿಂದ ಎಳೆದರೆ ಚಾಸಿಯ ಒಂದು ಕೋಲಿನ ಮೇಲೆ ಇಡೀ ಜಗ್ಗು ಬೀಳುತ್ತದೆ, ಗಾಡಿ ಓರೆಯಾಗುತ್ತದೆ. ಎಡಬಲ ಎರಡು ಹುಕ್ಕು ಹಾಕಿ, ಅವುಗಳ ನಡುವೆ ಬೆಲ್ಟಿನ ಕವಲು ಕಟ್ಟಿ, ಕವಲಿನ ಮಧ್ಯದಿಂದ ಎಳೆಯಬೇಕು. ಕವಲು ಉದ್ದವಿದ್ದಷ್ಟೂ ಒಳ್ಳೆಯದು. ಎರಡು ಕಾಲುಗಳ ನಡುವಿನ ಕೋನ 60 ಡಿಗ್ರಿ ಇದ್ದರೆ ಒಂದೊಂದು ಹುಕ್ಕಿಗೆ ಒಟ್ಟು ಜಗ್ಗಿನ ಶೇ. 58 ಬೀಳುತ್ತದೆ. ಕವಲು ಗಿಡ್ಡವಾಗಿ ಕೋನ 120 ಆದರೆ ಒಂದೊಂದಕ್ಕೂ ಪೂರ್ತಿ ನೂರು! ಎರಡು ಹಾಕಿಯೂ ಲಾಭವಿಲ್ಲ, ಮೇಲಾಗಿ ಹುಕ್ಕುಗಳನ್ನು ಒಳಕ್ಕೆ ಹಿಂಡುವ ಅಡ್ಡ ಒತ್ತಡ ಬೇರೆ.

ಕಟ್ಟಿನಹೊಳೆಯಿಂದ ಕೊಡಚಾದ್ರಿಗೆ ಹತ್ತುವ ಜೀಪು ದಾರಿ ನೋಡಿದವರಿಗೆ ಗೊತ್ತು, ಅಲ್ಲಿ ನೇರವಾಗಿ ಎಳೆಯುವ ಭಾಗ್ಯ ಯಾವತ್ತೂ ಇಲ್ಲ. ತಿರುವು, ಕೊರಕಲು, ಕಲ್ಲು. ಅಡ್ಡಕ್ಕೆ ಎಳೆಯುವಾಗ ಶಾಕಲ್ಲಿನ ಬಲವೂ ಇಳಿಯುತ್ತದೆ: 45 ಡಿಗ್ರಿ ಓರೆಯಾದರೆ ಶೇ. 70, ಪೂರ್ತಿ ಅಡ್ಡವಾದರೆ ಅರ್ಧ. ಅಂಥ ಜಾಗದಲ್ಲಿ ಓಡಿಸುವವರ ಬ್ರ್ಯಾಕೆಟ್ಟಿಗೆ ಪಕ್ಕದಿಂದ ಆಸರೆಯ ಪ್ಲೇಟು ಇರಲೇಬೇಕು.

8. ಶಾಕಲ್

ಬಿಲ್ಲಿನಾಕಾರದ್ದು, 19 ಎಂ.ಎಂ.ನದ್ದು, ಮೈಮೇಲೆ 4.75 ಟನ್ ಎಂದು ಕೆತ್ತಿದ್ದು ನಮ್ಮ ಪಿಕಪ್‌ಗಳಿಗೆ ಸರಿ. ಆ 4.75 ಎಂಬುದು ದಿನನಿತ್ಯ ಬಳಸಬಹುದಾದ ಮಿತಿ. ಒಳ್ಳೆಯ ಕಂಪನಿಯ ಶಾಕಲ್ ತುಂಡಾಗುವುದು ಅದರ ಐದಾರು ಪಟ್ಟಿನಲ್ಲಿ. ಬೆಲ್ಟಿನ ಮೇಲಿನ ಅಂಕಿ ತುಂಡಾಗುವ ಮಿತಿ, ಶಾಕಲ್ಲಿನ ಮೇಲಿನದು ಬಳಕೆಯ ಮಿತಿ. ಇವೆರಡನ್ನು ಒಂದೇ ಎಂದು ತಿಳಿದು 8 ಟನ್ ಬೆಲ್ಟಿಗೆ 8 ಟನ್ ಶಾಕಲ್ ಹುಡುಕುವವರಿದ್ದಾರೆ. ಪಿನ್ನನ್ನು ಕೈಯಲ್ಲಿ ಪೂರ್ತಿ ತಿರುಗಿಸಿ ಕಾಲು ಸುತ್ತು ಹಿಂದಕ್ಕೆ ಬಿಡಿ, ಇಲ್ಲದಿದ್ದರೆ ಎಳೆದ ಮೇಲೆ ಜಪ್ಪಯ್ಯ ಎಂದರೂ ಬಿಚ್ಚುವುದಿಲ್ಲ. ಎರಡು ಬೆಲ್ಟುಗಳನ್ನು ಶಾಕಲ್ ಹಾಕಿ ಜೋಡಿಸುವುದು ಎಂದೆಂದಿಗೂ ಬೇಡ. ಒಂದು ಬೆಲ್ಟು ಹರಿದರೆ ಆ ಕಬ್ಬಿಣ ಗುಂಡಾಗುತ್ತದೆ.

9. ಎಳೆಯುವ ಮುನ್ನ ಗುದ್ದಲಿ

ಅಮೆರಿಕದ ಸೈನ್ಯದ ಕೈಪಿಡಿಯಲ್ಲಿ ಒಂದು ಸರಳ ಸೂತ್ರವಿದೆ. ಚಕ್ರದ ಮಟ್ಟಕ್ಕೆ ಹೂತ ಗಾಡಿಯನ್ನು ಕದಲಿಸಲು ಅದರ ತೂಕದಷ್ಟು, ಮಡ್‌ಗಾರ್ಡಿನ ಮಟ್ಟಕ್ಕೆ ಹೂತರೆ ಎರಡು ಪಟ್ಟು, ಅದಕ್ಕೂ ಮೇಲೆ ಮುಳುಗಿದರೆ ಮೂರು ಪಟ್ಟು ಎಳೆತ ಬೇಕು. ಲೋಡು ಸಮೇತ 3 ಟನ್ನಿನ ಪಿಕಪ್ ಮಡ್‌ಗಾರ್ಡುವರೆಗೆ ಗದ್ದೆಯಲ್ಲಿ ಕೂತರೆ 6 ಟನ್. ಅರ್ಧ ಗಂಟೆ ಗುದ್ದಲಿ ಹಿಡಿದು ಚಕ್ರದ ಮುಂದೆ ಇಳಿಜಾರು ಮಾಡಿ, ಹೊಟ್ಟೆಯ ಕೆಳಗಿನ ಕೆಸರು ಬಿಡಿಸಿ, ಚೀಲಗಳನ್ನು ಇಳಿಸಿ, ಟೈರಿನ ಗಾಳಿ ಸ್ವಲ್ಪ ಬಿಟ್ಟರೆ ಆ 6 ಟನ್ 2ಕ್ಕೆ ಬರುತ್ತದೆ. ಶುಂಠಿ ಚೀಲ ಇಳಿಸಿ ಮತ್ತೆ ಹೇರುವುದು ಬೇಸರದ ಕೆಲಸ, ಒಪ್ಪುತ್ತೇನೆ. ಹುಕ್ಕು ಎಷ್ಟೇ ಚೆನ್ನಾಗಿರಲಿ, ಗಾಡಿಯಲ್ಲಿ ಗುದ್ದಲಿ ಇಲ್ಲದವನ ಹುಕ್ಕು ಬೇಗ ಬಾಗುತ್ತದೆ.

10. ಟ್ರ್ಯಾಕ್ಟರು, ಜೆಸಿಬಿ

ನಮ್ಮ ಕಡೆ ಎಳೆಯಲು ಬರುವುದು ಇನ್ನೊಂದು ಪಿಕಪ್ ಅಲ್ಲ, ಪಕ್ಕದ ಹೊಲದ ಟ್ರ್ಯಾಕ್ಟರು. ಪೇಟೆಯವರ ಪಾಠಗಳಲ್ಲಿ ಇದು ಇರುವುದೇ ಇಲ್ಲ. ಟ್ರ್ಯಾಕ್ಟರಿಗೆ ಕಟ್ಟುವಾಗ ಹಿಂಬದಿ ಕೆಳಗಿರುವ ಡ್ರಾಬಾರಿಗೇ ಕಟ್ಟಬೇಕು. ಮೇಲಿನ ಲಿಂಕಿಗೋ ಆಕ್ಸಲ್ಲಿಗೋ ಕಟ್ಟಿದರೆ ಎಳೆತ ಹಿಂದಿನ ಆಕ್ಸಲ್ಲಿನ ಮಟ್ಟಕ್ಕೋ ಅದಕ್ಕಿಂತ ಮೇಲಕ್ಕೋ ಬರುತ್ತದೆ. ಕೆಸರಿನ ಗಾಡಿ ಕದಲದಿದ್ದರೆ ಟ್ರ್ಯಾಕ್ಟರಿನ ಮೂತಿ ಎದ್ದು ಚಾಲಕನ ಮೇಲೆಯೇ ಮಗುಚುತ್ತದೆ, ಅದೂ ಕ್ಲಚ್ಚಿಗೆ ಕಾಲು ಹೋಗುವುದರೊಳಗೆ. ಟ್ರ್ಯಾಕ್ಟರಿನಲ್ಲಿ ಓಡಿ ಬಂದು ಜಗ್ಗುವ ಮಾತೇ ಬೇಡ. ಲೋ ಗೇರ್, ಬಿಗಿದ ಬೆಲ್ಟು, ನಿಧಾನ.

ಜೆಸಿಬಿಯದು ಬೇರೆ ಕಥೆ. 7 ಟನ್ ದಾಟುವ ಯಂತ್ರ, ಹೈಡ್ರಾಲಿಕ್ ತೋಳು. ಎದುರಿನ ಗಾಡಿ ಎಷ್ಟು ತಡೆಯುತ್ತಿದೆ ಎಂಬುದು ಆಪರೇಟರನ ಕೈಗೆ ಗೊತ್ತೇ ಆಗುವುದಿಲ್ಲ. ಬಕೆಟ್ಟಿನ ಹಲ್ಲಿಗೆ ಚೈನು ಸಿಕ್ಕಿಸಿ ಮೇಲಕ್ಕೆತ್ತಿದರೆ ನಾನು ಹಾಕಿದ ಹುಕ್ಕು ಉಳಿಯಬಹುದು, ನಿಮ್ಮ ಚಾಸಿ ಬಾಗುತ್ತದೆ. ಕರೆಯಲೇಬೇಕಾದರೆ ಮೊದಲು ಅದರ ಬಕೆಟ್ಟಿನಿಂದ ಕೆಸರು ತೆಗೆಸಿ.

11. ಅಡಿಕೆ ಮರಕ್ಕೆ ಕಟ್ಟಬೇಡಿ

ಮರಕ್ಕೆ ಹಗ್ಗ ಕಟ್ಟಿ ಗಾಡಿ ತನ್ನನ್ನು ತಾನೇ ಎಳೆದುಕೊಳ್ಳುವ ವಿಂಚ್ ಇದ್ದವರಿಗೆ ಮಾತ್ರ ಇದು. ಅಡಿಕೆ, ತೆಂಗು ಎರಡರ ಬೇರೂ ಬುಡದಲ್ಲಿ ಗುಂಪಾಗಿರುತ್ತದೆ, ಅಡ್ಡ ಎಳೆತಕ್ಕೆ ನಿಲ್ಲುವುದಿಲ್ಲ. ಜಂಬಿಟ್ಟಿಗೆ ನೆಲದ ಅಕೇಶಿಯಾ ಇನ್ನೂ ಕಡೆ, ಜೋರು ಗಾಳಿಗೇ ಬುಡಮೇಲಾಗುವ ಜಾತಿ. ಮಾವು, ಹಲಸು, ಹುಣಸೆ ಆದೀತು. ಬುಡಕ್ಕೆ ಅಗಲವಾದ ಬೆಲ್ಟು ಸುತ್ತಿ, ಆದಷ್ಟು ಕೆಳಗೆ. ತಂತಿಹಗ್ಗ ಸುತ್ತಿದರೆ ತೊಗಟೆ ಸುಲಿದು ಮರ ಸಾಯುತ್ತದೆ. 1974ರಿಂದ ಅಭಯಾರಣ್ಯವಾಗಿರುವ ಶೆಟ್ಟಿಹಳ್ಳಿ ಕಾಡು ಇಲ್ಲೇ ಮಗ್ಗುಲಲ್ಲಿದೆ. ಅದರೊಳಗಿನ ಮರಗಳ ಗೊಡವೆ ಬೇಡ, ಗಾಡಿಯನ್ನು ಅಲ್ಲಿಗೆ ಇಳಿಸುವ ಗೊಡವೆಯೂ ಬೇಡ.

12. ಕಾನೂನು

ಬುಲ್ ಬಾರ್, ಕ್ರ್ಯಾಶ್ ಗಾರ್ಡುಗಳ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಮಿತಿ ಹಾಕುತ್ತದೆ. ಗಾರ್ಡು ಹಾಕಿ ಅದಕ್ಕೆ ಹುಕ್ಕು ವೆಲ್ಡ್ ಮಾಡಿಸುವವರನ್ನು ನಾನು ವಾಪಸು ಕಳಿಸುತ್ತೇನೆ. ಹುಕ್ಕು ಬಂಪರಿನ ಅಂಚಿನೊಳಗೆ, ಚಾಸಿಯ ಮಟ್ಟದಲ್ಲಿ ಇರಲಿ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಮುಂಭಾಗದಲ್ಲಿ ಡಿಕ್ಕಿಯ ಪೆಟ್ಟು ನುಂಗಲೆಂದೇ ಮೆತ್ತಗೆ ಮಾಡಿದ ಭಾಗವನ್ನು ದಪ್ಪ ಪ್ಲೇಟು ಹಾಕಿ ಗಟ್ಟಿ ಮಾಡಬಾರದು. ರಸ್ತೆಗೆ ಬಂದ ಮೇಲೆ ಶಾಕಲ್ ಬಿಚ್ಚಿ ಒಳಗಿಡಿ. ಸಾಗರ ರಸ್ತೆಯಲ್ಲಿ ಬೈಕಿನವನ ಮೊಣಕಾಲಿಗೆ ತಾಗುವ ಎತ್ತರ ಅದು.

13. ನೋಡಲು ನಿಂತವರು

ಗಾಡಿ ಹೂತರೆ ಊರೇ ಸೇರುತ್ತದೆ. ಸಲಹೆ ಎಲ್ಲರಲ್ಲೂ ಇರುತ್ತದೆ, ನಿಲ್ಲುವ ಜಾಗ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಬೆಲ್ಟಿನ ಉದ್ದದ ಒಂದೂವರೆ ಪಟ್ಟು ದೂರ, ಅದೂ ಪಕ್ಕಕ್ಕೆ. ಎಳೆಯುವ ಗೆರೆಯ ನೇರದಲ್ಲಿ, ಎರಡು ಗಾಡಿಗಳ ನಡುವೆ ಯಾರೂ ಇರಕೂಡದು. ಬೆಲ್ಟಿನ ಮಧ್ಯಕ್ಕೆ ಒದ್ದೆ ಗೋಣಿಚೀಲ ಹಾಸಿದರೆ ಹರಿದಾಗ ಅದರ ಹಾರಾಟ ತಗ್ಗುತ್ತದೆ. ತಗ್ಗುತ್ತದೆ ಅಷ್ಟೆ, ನಿಲ್ಲುವುದಿಲ್ಲ. ಸನ್ನೆ ಮಾಡುವವನು ಒಬ್ಬನೇ ಇರಲಿ, ಇಬ್ಬರೂ ಚಾಲಕರು ಅವನ ಕೈಯನ್ನು ಮಾತ್ರ ನೋಡಲಿ. ಮೂರು ಸಲ ಎಳೆದರೂ ಬಾರದಿದ್ದರೆ ನಾಲ್ಕನೆಯ ಸಲ ವೇಗ ಹೆಚ್ಚಿಸಬೇಡಿ, ಮತ್ತೆ ಗುದ್ದಲಿ ಹಿಡಿಯಿರಿ.

14. ಎಳೆದ ಮೇಲೆ

ಬೋಲ್ಟಿನ ತಲೆಯಿಂದ ಬ್ರ್ಯಾಕೆಟ್ಟಿನ ಮೇಲೆ ಹಾಯುವಂತೆ ನಾನು ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆದು ಕಳಿಸುತ್ತೇನೆ. ಜೋರು ಎಳೆದ ಮೇಲೆ ಗೆರೆ ತಪ್ಪಿದ್ದರೆ ಬೋಲ್ಟು ತಿರುಗಿದೆ ಎಂದರ್ಥ, ಬಿಗಿದು ಸುಮ್ಮನಾಗದೆ ಬೋಲ್ಟನ್ನೇ ಬದಲಿಸಿ. ನಮ್ಮ ಮಳೆಗೆ ಪ್ಲೇಟಿನ ಹಿಂದೆ ಕೂತ ಕೆಂಪು ಮಣ್ಣು ತಿಂಗಳುಗಟ್ಟಲೆ ಒಣಗುವುದಿಲ್ಲ, ಮುಂದೆ ಬಣ್ಣ ಹೊಳೆಯುತ್ತಿದ್ದರೂ ಹಿಂದೆ ಚಾಸಿ ಪದರ ಪದರವಾಗಿ ಎದ್ದಿರುತ್ತದೆ. ದೀಪಾವಳಿಗೆ ಗಾಡಿ ತೊಳೆದು ಪೂಜೆ ಮಾಡುತ್ತೀರಲ್ಲ, ಅವತ್ತು ನೀರಿನ ಪೈಪನ್ನು ಆ ಸಂದಿಗೂ ಹಿಡಿದು, ಒಂದು ಸ್ಕ್ರೂಡ್ರೈವರ್ ತಗೊಂಡು ಚುಚ್ಚಿ ನೋಡಿ. ಒಳಗೆ ಹೋದರೆ ಹುಕ್ಕು ಬಿಚ್ಚಿಡಿ, ಗಾಡಿಯನ್ನು ಶೆಡ್ಡಿಗೆ ತನ್ನಿ.